20 ಸಾವಿರಕ್ಕೆ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಜೂನ್ ಬಂತೆಂದರೆ ನನಗೆ ಫೋನ್ ಶುರು. ಮಗಳು ಡಿಗ್ರಿಗೆ ಸೇರಿದ್ದಾಳೆ, ಲ್ಯಾಪ್‌ಟಾಪ್ ಬೇಕಂತೆ, ಕೈಯಲ್ಲಿರುವುದು 20 ಸಾವಿರ, ಯಾವುದು ತಗೊಳ್ಳಲಿ? ದೊಡ್ಡಮ್ಮನ ಮಗನಿಂದ ಹಿಡಿದು ಹಾಲಿನ ಡೈರಿಯ ಕಾರ್ಯದರ್ಶಿಯವರ ತನಕ ಎಲ್ಲರದೂ ಇದೇ ಪ್ರಶ್ನೆ. ಫೋನಿನಲ್ಲಿ ಅರ್ಧ ಹೇಳುವಷ್ಟರಲ್ಲಿ ಮಾತು ಬೇರೆ ಕಡೆ ಹೋಗುತ್ತದೆ. ಅದಕ್ಕೆ ಇಲ್ಲಿ ಬರೆದಿಡುತ್ತಿದ್ದೇನೆ.

ಯಾರೇ ಕೇಳಲಿ, ಮೊದಲು ನಾನು ತಿರುಗಿ ಕೇಳುವುದು ಒಂದೇ. ಮನೆಯಲ್ಲಿ ಹಳೆಯದು ಯಾವುದಾದರೂ ಇದೆಯಾ? ಬಹಳ ಸಲ ಇರುತ್ತದೆ. "ಇದೆ, ಆದ್ರೆ ತುಂಬಾ ಸ್ಲೋ. ಅದು ಹೋಯ್ತು ಬಿಡಿ" ಅನ್ನುತ್ತಾರೆ. ಹೋಗಿರುವುದಿಲ್ಲ.

ನಮ್ಮ ಅತ್ತೆಯ ಮನೆಯಲ್ಲಿ ಹೀಗೇ ಒಂದಿತ್ತು. 2014ರಲ್ಲಿ ತಗೊಂಡದ್ದು. ಇಂಟೆಲ್‌ನ 4ನೇ ಜನರೇಷನ್ನಿನ (ತಲೆಮಾರಿನ) ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್ (ಕೆಲಸ ಮಾಡುವಾಗಿನ ತಾತ್ಕಾಲಿಕ ಮೆಮೊರಿ), 500 ಜಿಬಿ ಹಾರ್ಡ್ ಡಿಸ್ಕ್. ಅತ್ತೆ ಅದರಲ್ಲಿ ತಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಇಡುತ್ತಿದ್ದರು. ನಾನು ಮೊಬೈಲಿನಲ್ಲಿ ಟೈಮರ್ ಇಟ್ಟುಕೊಂಡು ಆನ್ ಮಾಡಿದೆ. ಪರದೆ ಬಂದು, ಬ್ರೌಸರ್ ತೆರೆದು, ಒಂದು ಪುಟ ಕಾಣಿಸುವಷ್ಟರಲ್ಲಿ 4 ನಿಮಿಷ 20 ಸೆಕೆಂಡ್. ಅಷ್ಟರಲ್ಲಿ ಅತ್ತೆ ಕಾಫಿ ಮಾಡಿಕೊಂಡು ಬಂದಿದ್ದರು.

ಊಟದ ಮೇಜಿನ ಮೇಲೆ ಬಟ್ಟೆ ಹಾಸಿ ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿದೆ. ಫ್ಯಾನ್ ಪಕ್ಕದಲ್ಲಿ ಬಿಸಿಗಾಳಿ ಹೊರಗೆ ಹೋಗುವ ಸಣ್ಣ ಜಾಲರಿ ಇರುತ್ತದಲ್ವಾ, ಅದರ ಮೇಲೆ ಧೂಳು ಹತ್ತಿ ಬಟ್ಟೆಯ ಹಾಗೆ ಕೂತಿತ್ತು. ಚಿಮಟದಿಂದ ತುದಿ ಹಿಡಿದು ಎಳೆದರೆ ಒಂದೇ ತುಂಡಾಗಿ ಕಿತ್ತು ಬಂತು. ಗಾಳಿಗೇ ದಾರಿ ಇಲ್ಲದ ಮೇಲೆ ಪ್ರೊಸೆಸರ್ ಕಾದು, ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇದನ್ನು ಸರಿ ಮಾಡೋಕೆ ಒಂದು ರೂಪಾಯಿಯೂ ಬೇಡ, ಬ್ರಶ್ ಸಾಕು.

ಆದರೆ ಅಸಲಿ ಕಾರಣ ಹಾರ್ಡ್ ಡಿಸ್ಕ್. ಅದರೊಳಗೆ ಒಂದು ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತದೆ. ಒಂದು ಸಣ್ಣ ತೋಳು ಅದರ ಮೇಲೆ ಅತ್ತಿಂದಿತ್ತ ಓಡಾಡಿ ಓದುತ್ತದೆ. ಪ್ರತಿ ಸಲ ಸರಿಯಾದ ಜಾಗ ಸಿಗಲು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಕು. ಕೇಳಿದರೆ ಕಮ್ಮಿ ಅನಿಸುತ್ತದೆ. ಕಂಪ್ಯೂಟರ್ ಶುರುವಾಗುವಾಗ ಹೀಗೆ ಸಾವಿರಾರು ಸಲ ಹುಡುಕಬೇಕು, ಅಲ್ಲಿಗೆ ನಿಮಿಷಗಳೇ ಆಗಿಹೋಗುತ್ತವೆ. ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿ ಪೂರ್ತಿ ಚಿಪ್‌ಗಳದ್ದು, ತಿರುಗುವ ಭಾಗವೇ ಇಲ್ಲ. ಹುಡುಕುವ ಕೆಲಸ ಅದರಲ್ಲಿ ನೂರು ಪಟ್ಟು ಬೇಗ ಮುಗಿಯುತ್ತದೆ.

ಹಳೆ ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರುವ 240 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ಹಾಕಿದೆ. ಖಾಲಿ ಇದ್ದ ಇನ್ನೊಂದು ಸ್ಲಾಟಿಗೆ 4 ಜಿಬಿ ರ‍್ಯಾಮ್ ಹಾಕಿದೆ. ಆಗ ಎರಡೂ ಸೇರಿ 2,300 ರೂಪಾಯಿ ಆಗಿತ್ತು. ವಿಂಡೋಸ್ ತೆಗೆದು, ಅದರ ಬದಲು ಬಳಸಬಹುದಾದ ಉಚಿತ ಲಿನಕ್ಸ್ ಮಿಂಟ್ ಹಾಕಿ ಮತ್ತೆ ಟೈಮರ್ ಇಟ್ಟೆ. 34 ಸೆಕೆಂಡ್. "ಇಷ್ಟು ಬೇಗ ಬಂತಾ? ಇನ್ನೊಂದ್ಸಲ ಹಾಕು ನೋಡೋಣ" ಅಂದರು ಅತ್ತೆ. ಇನ್ನೊಂದು ಸಲವೂ ಅಷ್ಟೇ ಬಂತು. ಅತ್ತೆಗೆ ಹೊಸ ಲ್ಯಾಪ್‌ಟಾಪ್ ಬೇಕಾಗಲಿಲ್ಲ.

ರ‍್ಯಾಮ್ ತರುವಾಗ ಒಂದು ಎಚ್ಚರ. ಆ ಕಾಲದ ಲ್ಯಾಪ್‌ಟಾಪ್‌ಗಳಿಗೆ ಡಿಡಿಆರ್3ಎಲ್ ಬೇಕು. ಅದು 1.35 ವೋಲ್ಟಿನದು. ಬರೀ ಡಿಡಿಆರ್3 ಅಂದರೆ 1.5 ವೋಲ್ಟ್. ನೋಡೋಕೆ ಎರಡೂ ಒಂದೇ ಥರ, ಸ್ಲಾಟಿನಲ್ಲಿ ಕೂರುತ್ತದೆ ಕೂಡ, ಆದರೆ ಎಷ್ಟೋ ಮೆಷಿನ್‌ಗಳಲ್ಲಿ ಆನ್ ಆಗುವುದಿಲ್ಲ. ಒಳಗಿರುವ ಹಳೆ ರ‍್ಯಾಮಿನ ಸ್ಟಿಕ್ಕರ್ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ.

ಮನೆಯಲ್ಲಿ ಏನೂ ಇಲ್ಲ, ತಗೊಳ್ಳಲೇಬೇಕು ಅನ್ನುವವರಿಗೆ ನನ್ನ ಉತ್ತರ: 20 ಸಾವಿರಕ್ಕೆ ಹೊಸ ಲ್ಯಾಪ್‌ಟಾಪ್ ತಗೋಬೇಡಿ. ಆ ಬೆಲೆಗೆ ಸಿಗುವ ಹೊಸದರಲ್ಲಿ ಸಾಮಾನ್ಯವಾಗಿ ಸೆಲೆರಾನ್ ಥರದ ಕೆಳದರ್ಜೆಯ ಪ್ರೊಸೆಸರ್ ಇರುತ್ತದೆ. ರ‍್ಯಾಮ್ ಬೋರ್ಡಿಗೇ ಬೆಸುಗೆ. ಎಷ್ಟೋ ಮಾಡೆಲ್‌ಗಳಲ್ಲಿ ಡಿಸ್ಕ್ ಕೂಡ ಬೋರ್ಡಿಗೇ ಬೆಸೆದ 64 ಜಿಬಿ ಇಎಂಎಂಸಿ, ಅಂದರೆ ಎಸ್‌ಎಸ್‌ಡಿಗಿಂತ ನಿಧಾನದ ಚಿಪ್. ಅದೇ ದುಡ್ಡಿಗೆ ಆಫೀಸುಗಳಿಗೆಂದೇ ಮಾಡಿದ ಹಳೆ ಲ್ಯಾಪ್‌ಟಾಪ್ ಬರುತ್ತದೆ. ಲೆನೊವೊ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್. ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಒಟ್ಟಿಗೆ ಮಾರಿಬಿಡುತ್ತವೆ. ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಗಳಲ್ಲಿ ಸಾಲಾಗಿ ಪೇರಿಸಿಟ್ಟಿರುವುದು ಇವನ್ನೇ.

ನಾನು ಲ್ಯಾಪ್‌ಟಾಪ್ ಆರಿಸುವುದು ಒಂದು ಪ್ರಶ್ನೆಯಿಂದ. ಹಿಂದಿನ ಮುಚ್ಚಳ ಬಿಚ್ಚಿದರೆ ನನ್ನ ಕೈಯಲ್ಲೇ ಏನೇನು ಬದಲಿಸಬಹುದು? 2018ರ ಥಿಂಕ್‌ಪ್ಯಾಡ್ ಟಿ480 ಇವತ್ತಿಗೂ ನನಗೆ ಇಷ್ಟವಾಗುವುದು ಇದಕ್ಕೇ. ರ‍್ಯಾಮಿಗೆ ಎರಡು ಸ್ಲಾಟ್. ಎಸ್‌ಎಸ್‌ಡಿ ಬದಲಿಸಬಹುದು. ಬ್ಯಾಟರಿ ಎರಡು, ಒಂದು ಒಳಗೆ, ಇನ್ನೊಂದು ಹಿಂದೆ. ಹಿಂದಿನದನ್ನು ಎರಡು ಕೊಂಡಿ ಸರಿಸಿ ಕೈಯಲ್ಲೇ ತೆಗೆಯಬಹುದು, ಲ್ಯಾಪ್‌ಟಾಪ್ ಆಗ ಒಳಗಿನ ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತದೆ. ಅದೇ ವರ್ಷದ ಟಿ480ಎಸ್ ತೆಳ್ಳಗೆ ಚೆನ್ನಾಗಿ ಕಾಣುತ್ತದೆ, ಆದರೆ ಒಂದು ರ‍್ಯಾಮ್ ಬೆಸುಗೆ, ಒಂದೇ ಸ್ಲಾಟ್. ಎಕ್ಸ್1 ಕಾರ್ಬನ್‌ನಲ್ಲಿ ಅದೂ ಇಲ್ಲ, ಪೂರ್ತಿ ಬೆಸುಗೆ. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಕಮ್ಮಿಯಾದರೆ ಒಳಗೆ ಬೇರೆಯೇ ಮೆಷಿನ್ ಇರುತ್ತದೆ.

ಅಂಗಡಿಯವರು "ಸಾರ್, ಐ7 ಇದೆ" ಅಂದಾಗ ಜನ ಸೋಲುತ್ತಾರೆ. ಐ7 ಅನ್ನುವುದಕ್ಕಿಂತ ಅದರ ಮುಂದಿನ ಸಂಖ್ಯೆ ಮುಖ್ಯ. ಐ7-4600ಯು ಅಂದರೆ 4ನೇ ಜನರೇಷನ್, ಒಳಗೆ ಎರಡೇ ಕೋರ್, ಅಂದರೆ ಕೆಲಸ ಮಾಡುವ ಘಟಕ ಎರಡೇ. ಐ5-8250ಯು ಅಂದರೆ 8ನೇ ಜನರೇಷನ್, ನಾಲ್ಕು ಕೋರ್. ಸಂಖ್ಯೆ 10, 11 ಅಂತ ಶುರುವಾದರೆ ಮೊದಲ ಎರಡು ಅಂಕಿ ನೋಡಿ. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಐ5ಗೆ ನಾಲ್ಕು ಕೋರ್ ಸಾಮಾನ್ಯವಾದದ್ದೇ 8ನೇ ಜನರೇಷನ್ನಿನಿಂದ. ವಿಂಡೋಸ್ 11 ಅಧಿಕೃತವಾಗಿ ನಡೆಯುವುದೂ, ಒಂದೆರಡು ಅಪವಾದ ಬಿಟ್ಟರೆ, ಅಲ್ಲಿಂದಲೇ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದ್ದರಿಂದ ವಿಂಡೋಸ್ ಬೇಕೇ ಬೇಕು ಅನ್ನುವವರು 8ಕ್ಕಿಂತ ಕೆಳಗೆ ಇಳಿಯಬೇಡಿ. ಬೇಡ ಅನ್ನುವವರಿಗೆ 6, 7ನೇ ಜನರೇಷನ್ನಿನ ಒಳ್ಳೊಳ್ಳೆ ಲ್ಯಾಪ್‌ಟಾಪ್‌ಗಳು ಇನ್ನೂ ಕಮ್ಮಿಗೆ ಸಿಗುತ್ತವೆ. ಲಿನಕ್ಸ್ ಮಿಂಟ್ 22 ಹಾಕಿದರೆ 2029ರವರೆಗೆ ಅಪ್‌ಡೇಟ್ ಬರುತ್ತದೆ.

ಕನ್ನಡ ಟೈಪ್ ಮಾಡುವುದು ಹೇಗೆ ಅಂತ ಕೂಡಲೇ ಕೇಳುತ್ತಾರೆ. ಲಿನಕ್ಸಿನಲ್ಲಿ ನುಡಿಯ ಕೆಜಿಪಿ ಕೀಲಿಮಣೆ, ಇನ್‌ಸ್ಕ್ರಿಪ್ಟ್ ಎರಡೂ ಸಿಗುತ್ತವೆ. ನಾನು ಇದನ್ನು ಬರೆಯುತ್ತಿರುವುದೂ ಅದರಲ್ಲೇ. ಆದರೆ ಹಳೆಯ ನುಡಿ ಫಾಂಟಿನ ಫೈಲುಗಳ ಜೊತೆ ದಿನಾ ಕೆಲಸ ಇರುವವರು, ಡಿಟಿಪಿ ಮಾಡುವವರು, ವಿಂಡೋಸಿನಲ್ಲೇ ಇರಿ. ಅವರಿಗೆ ಲಿನಕ್ಸ್ ಹಾಕಿಕೊಟ್ಟು ನಾನು ತೊಂದರೆ ಕೊಡುವುದಿಲ್ಲ.

ಅಂಗಡಿಯಲ್ಲಿ ಅರ್ಧ ಗಂಟೆ ಕೂತು ನೋಡಿ, ಅವಸರ ಬೇಡ. ನೋಟ್‌ಪ್ಯಾಡ್ ತೆರೆದು ಪ್ರತಿ ಕೀ ಒತ್ತಿ. ನಾನು ಒಂದು ಸಲ ಎಲ್ಲ ಚೆನ್ನಾಗಿದೆ ಅಂತ ದುಡ್ಡು ಎಣಿಸುತ್ತಿದ್ದೆ, ಜೊತೆಗೆ ಬಂದಿದ್ದ ತಂಗಿ ಬ್ಯಾಕ್‌ಸ್ಪೇಸ್ ಒತ್ತಿ ನೋಡಿದಳು, ಅದು ಕೆಲಸ ಮಾಡುತ್ತಿರಲಿಲ್ಲ. ಪರದೆಯನ್ನು ಪೂರ್ತಿ ತೆರೆದು ಮುಚ್ಚಿ ಹಿಂಜ್ ನೋಡಿ. ಪ್ರತಿ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಬೀಗ. ಆಫೀಸಿನಿಂದ ಬಂದ ಮೆಷಿನ್‌ಗಳಲ್ಲಿ ಎರಡು ಬಗೆಯ ಬೀಗ ಉಳಿದಿರಬಹುದು. ಒಂದು ಬಯೋಸ್‌ನ, ಅಂದರೆ ವಿಂಡೋಸಿಗೂ ಮೊದಲು ಶುರುವಾಗುವ ಮೂಲ ಸಾಫ್ಟ್‌ವೇರಿನ ಪಾಸ್‌ವರ್ಡ್. ಆನ್ ಆಗುವಾಗ ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಿ. ಪಾಸ್‌ವರ್ಡ್ ಕೇಳಿದರೆ ಬೇಡ ಅನ್ನಿ. ಇನ್ನೊಂದು ಕಣ್ಣಿಗೆ ಕಾಣದ್ದು. ನನ್ನ ಭಾವನಿಗೆ ಕೊಡಿಸಿದ ಲ್ಯಾಪ್‌ಟಾಪ್ ಒಂದು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ವಿಂಡೋಸ್ ಹೊಸದಾಗಿ ಹಾಕಿ ವೈಫೈ ಜೋಡಿಸಿದ ಕೂಡಲೇ ಯಾವುದೋ ಕಂಪನಿಯ ಹೆಸರು ಬಂತು, ಅಲ್ಲಿನ ಇಮೇಲ್ ಹಾಕಿ ಅಂತ ಕೇಳಿತು. ಹಳೆ ಮಾಲೀಕರು ತಮ್ಮ ಪಟ್ಟಿಯಿಂದ ಅದನ್ನು ತೆಗೆದೇ ಇರಲಿಲ್ಲ. ಬದಲಿಸಿಕೊಳ್ಳಲು ಮೂರು ಸಲ ಅಂಗಡಿಗೆ ಅಲೆದೆ. ಈಗ ನಾನು ಅಂಗಡಿಯಲ್ಲೇ ರೀಸೆಟ್ ಮಾಡಿಸಿ, ನನ್ನ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು, ಆ ಪುಟ ದಾಟಿದ ಮೇಲೆಯೇ ದುಡ್ಡು ಕೊಡುತ್ತೇನೆ.

20 ಸಾವಿರವನ್ನೂ ಮೆಷಿನ್ನಿಗೇ ಸುರಿಯಬೇಡಿ. 17 ಅಥವಾ 18ಕ್ಕೆ ನಿಲ್ಲಿಸಿ. ಹಳೆ ಬ್ಯಾಟರಿ ಬೇಗ ಕೈಕೊಡುತ್ತದೆ, ಉಳಿದದ್ದು ಅದಕ್ಕಿರಲಿ. ರ‍್ಯಾಮ್ ಮಾತ್ರ ಮೊದಲೇ ಇರುವುದನ್ನು ಹುಡುಕಿ. 8 ಜಿಬಿ ತಗೊಂಡು ಆಮೇಲೆ ಹಾಕಿಸಿದರಾಯಿತು ಅಂತ ಮೊದಲು ನಾನೇ ಹೇಳುತ್ತಿದ್ದೆ. 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಒಂದೇ ಸಮನೆ ಏರಿತು, ಆ ಲೆಕ್ಕ ತಪ್ಪಿತು. 16 ಜಿಬಿ ಇರುವುದೇ ಸಿಕ್ಕರೆ ಒಂದು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಮನೆಯಲ್ಲೇ ಇಟ್ಟುಕೊಳ್ಳುವವರಿಗೆ ಪುಸ್ತಕದಷ್ಟೇ ದಪ್ಪದ ಆಫೀಸ್ ಡೆಸ್ಕ್‌ಟಾಪ್‌ಗಳು ಇನ್ನೂ ಅಗ್ಗ. ಜೊತೆಗೆ ಒಂದು ಯುಪಿಎಸ್ ಲೆಕ್ಕ ಹಾಕಿ, ನಮ್ಮ ಕಡೆ ಕರೆಂಟ್ ಹೋಗುವುದು ಗೊತ್ತೇ ಇದೆ. ಹಳೆ ಡೆಸ್ಕ್‌ಟಾಪ್‌ನಲ್ಲಿ ದಿನಾಂಕ ಹಿಂದಕ್ಕೆ ಹೋಗಿ, ವೆಬ್‌ಸೈಟ್ ತೆರೆದಾಗಲೆಲ್ಲ ಸುರಕ್ಷಿತವಲ್ಲ ಅಂತ ಬರುತ್ತಿದ್ದರೆ ಗಾಬರಿಯಾಗಬೇಡಿ. ಬೋರ್ಡ್ ಮೇಲಿನ ಬಿಲ್ಲೆಯಂಥ ಸೆಲ್ ಮುಗಿದಿದೆ. ಸಿಆರ್2032 ಅಂತ ಕೇಳಿ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಹೊರಗೆ ತೆಗೆದ ಹಳೆ ಹಾರ್ಡ್ ಡಿಸ್ಕನ್ನು ಗುಜರಿಗೆ ಹಾಕಬೇಡಿ. ಅದಕ್ಕೊಂದು ಯುಎಸ್‌ಬಿ ಡಬ್ಬಿ ಬರುತ್ತದೆ, ಮುನ್ನೂರು ನಾನೂರು ರೂಪಾಯಿ. ಅತ್ತೆಯದನ್ನು ಅದರೊಳಗೆ ಹಾಕಿ ಜೋಡಿಸಿದಾಗ 2016ರ ಗೃಹಪ್ರವೇಶದ ಫೋಟೋಗಳೆಲ್ಲ ಇದ್ದವು. ಎಲ್ಲವನ್ನೂ ಹೊಸ ಡಿಸ್ಕಿಗೂ ಒಂದು ಪ್ರತಿ ಹಾಕಿದೆ. ಡಬ್ಬಿಯ ಮೇಲೆ ಟೇಪ್ ಅಂಟಿಸಿ, ಪೆನ್ನಿನಲ್ಲಿ ತಾರೀಖು ಬರೆದು ಕೊಟ್ಟೆ. ಅತ್ತೆ ಅದನ್ನು ಬೀರುವಿನಲ್ಲಿ, ಮನೆ ಪತ್ರಗಳ ಜೊತೆ ಇಟ್ಟಿದ್ದಾರೆ.