ಮಡಚುವ ಪಿಯಾನೋದ ಕೀಲು

ಇವತ್ತು ಜಯನಗರದ ಅಂಗಡಿಯೊಂದರಲ್ಲಿ 88 ಕೀಗಳ ಎಲೆಕ್ಟ್ರಾನಿಕ್ ಪಿಯಾನೋ ಪುಸ್ತಕದ ಹಾಗೆ ಮಡಚಿಕೊಂಡಿತು. ಎಲ್ಲರ ಕಣ್ಣು ಬೆಲೆಚೀಟಿ ಮೇಲೆ.

ನೋಡಬೇಕಾದ್ದು ನಡುವಿನ ಕೀಲು.
ಬಿಚ್ಚಿಟ್ಟಾಗ ಅದರ ಎರಡೂ ಪಕ್ಕದ ಕೀಗಳು ಒಂದೇ ಮಟ್ಟದಲ್ಲಿರಬೇಕು. ಬೆರಳು ಜಾರಿಸಿ, ಎಡವಬಾರದು. ಕೀಲು ಅಲುಗಾಡಿದರೆ ಒಳಗಿನ ವೈರ್‌ಗಳಿಗೂ ಪೆಟ್ಟು. ಒಂದು ದಿನ ಅರ್ಧ ಪಿಯಾನೋ ಮೌನವಾಗಬಹುದು.

ಟೇಪು ಜೊತೆಗಿರಲಿ. ಏಳು ಬಿಳಿ ಕೀಗಳ ಒಟ್ಟು ಅಗಲ ಸುಮಾರು 16.5 ಸೆಂ.ಮೀ. ಅದಕ್ಕಿಂತ ಕಿರಿದಾದರೆ ಮಕ್ಕಳ ಕೈ ತಪ್ಪು ಅಳತೆಗೆ ಪಳಗುತ್ತದೆ, ದೊಡ್ಡ ಪಿಯಾನೋ ಮುಂದೆ ಕೂತಾಗ ಪಾಪ ತಡಕಾಡುತ್ತವೆ.

ಒಂದೇ ಕೀಯನ್ನು ಮೆಲ್ಲಗೆ ಒತ್ತಿ, ಆಮೇಲೆ ಜೋರಾಗಿ. ಒತ್ತಿದ ಬಲಕ್ಕೆ ತಕ್ಕ ಹಾಗೆ ದನಿ ಏರಿಳಿಸುವ ಟಚ್ ಸೆಟ್ಟಿಂಗ್ ಆನ್ ಇದ್ದೂ ದನಿ ಬದಲಾಗದಿದ್ದರೆ, ಎಷ್ಟೇ ಅಗ್ಗವಾದರೂ ಬೇಡ.

ದನಿ ಎಳೆಯುವ ಪೆಡಲ್ ಉಲ್ಟಾ ಕೆಲಸ ಮಾಡಿದರೆ, ಅಂದರೆ ತುಳಿಯದಿದ್ದಾಗ ದನಿ ಎಳೆದರೆ, ಗಾಬರಿ ಬೇಡ. ಪಿಯಾನೋ ಆಫ್ ಮಾಡಿ, ಪೆಡಲಿನ ಪಿನ್ ಸಿಕ್ಕಿಸಿ, ಪೆಡಲ್ ತುಳಿಯದೆ ಆನ್ ಮಾಡಿ. ಎಷ್ಟೋ ಮಾಡೆಲ್‌ಗಳಲ್ಲಿ ಅಷ್ಟಕ್ಕೇ ಸರಿಹೋಗುತ್ತದೆ.

ಇಯರ್‌ಫೋನ್ ಮಾತ್ರ ವೈರಿನದೇ. ಬ್ಲೂಟೂತಿನಲ್ಲಿ ಬೆರಳು ಮುಂದೆ, ದನಿ ಹಿಂದೆ.

ಮಡಚುವ ಪಿಯಾನೋಗಳಲ್ಲಿ ನಿಜವಾದ ಪಿಯಾನೋ ಕೀಯ ತೂಕ ಸಾಮಾನ್ಯವಾಗಿ ಇರುವುದಿಲ್ಲ. ಪಿಯಾನೋ ಗ್ರೇಡ್ ಪರೀಕ್ಷೆಗೆ ಕೂರುವ ಮಗುವಿಗೆ ಮಡಚದ್ದೇ ಕೊಡಿಸಿ. ಬಾಡಿಗೆ ಕೋಣೆಯಲ್ಲಿ ಮಂಚದ ಕೆಳಗೆ ತಳ್ಳಿಡಬೇಕಾದವರಿಗೆ ಇದು ಧಾರಾಳ ಸಾಕು.