ಏನೇನು ಬಿಟ್ಟಿರಿ?

ನಾವು ಸಾಲಮುಕ್ತರಾದ ಸುದ್ದಿ ಪರಿಚಿತರ ನಡುವೆ ಹರಡಿದಂದಿನಿಂದ ನನಗೆ ಎದುರಾಗುತ್ತಿರುವುದು ಒಂದೇ ಪ್ರಶ್ನೆ: "ಅಷ್ಟೊಂದು ಸಾಲ ತೀರಿಸಲು ಏನೇನು ಬಿಟ್ಟಿರಿ?" ಮೊದಮೊದಲು ನಗುತ್ತಲೇ ಉತ್ತರಿಸುತ್ತಿದ್ದೆ, ಆಮೇಲೆ ಚುಟುಕಾಗಿ ಉತ್ತರಿಸತೊಡಗಿದೆ, ಈಗ ಬಾಯಿಬಿಟ್ಟು ಹೇಳುವ ತಾಳ್ಮೆಯೇ ಉಳಿದಿಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸಲಾಗುವುದು. ಓದಿದ ಮೇಲೂ ಅದೇ ಪ್ರಶ್ನೆ ಉಳಿದರೆ, ದಯವಿಟ್ಟು ನನ್ನನ್ನು ಬಿಟ್ಟುಬಿಡಿ.

ನನ್ನ ತಕರಾರು ಇರುವುದು 'ಬಿಟ್ಟಿರಿ' ಎಂಬ ಕ್ರಿಯಾಪದದ ಮೇಲೆ. ಕುಡಿತ ಬಿಟ್ಟವರನ್ನು, ಜೂಜು ಬಿಟ್ಟವರನ್ನು ಮಾತನಾಡಿಸುವ ಧಾಟಿ ಅದು. ಸಾಲಕ್ಕೆ ಬಿದ್ದವರೆಲ್ಲ ಯಾವುದೋ ಚಟದಿಂದಲೇ ಬಿದ್ದಿರಬೇಕು, ಚಟ ಬಿಟ್ಟ ಕೂಡಲೇ ಎದ್ದು ನಿಂತಿರಬೇಕು ಎಂಬ ನಂಬಿಕೆ ಆ ಪ್ರಶ್ನೆಯೊಳಗೆ ಮೊದಲೇ ಕುಳಿತಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಎಂದು ಕೊನೆಯಲ್ಲಿ ಬುದ್ಧಿ ಹೇಳುವವರೂ ಇದ್ದಾರೆ. ಹಾಸಿಗೆಯೇ ಕಂತಿನ ಮೇಲೆ ಬಂದದ್ದಾಗಿದ್ದರೆ ಕಾಲನ್ನು ಎಲ್ಲಿಡಬೇಕೆಂದು ಗಾದೆ ಹೇಳುವುದಿಲ್ಲ. ನಮ್ಮದು ನಿಜಕ್ಕೂ ಕಂತಿನ ಹಾಸಿಗೆಯೇ ಆಗಿತ್ತು.

ಹಿಂದಿನ ವರ್ಷ ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದೆವು. ಹೊಸ ವಾಹನದ ಬಗ್ಗೆ ಅರ್ಧ ಗಂಟೆ ಮಾತನಾಡಿ ಮುಗಿಸಿದ್ದ ಒಬ್ಬರು ಎಲ್ಲರಿಗೂ ಕೇಳಿಸುವಂತೆ ಈ ಪ್ರಶ್ನೆಯನ್ನು ನನ್ನತ್ತ ಎಸೆದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ಬಡ್ಡಿ ಹೆಚ್ಚಿರುವ ಸಾಲಕ್ಕೆ ಮೊದಲು ಹೆಚ್ಚು ಕಟ್ಟಿದೆವು, ಉಳಿದವಕ್ಕೆ ನಿಗದಿಯಾದಷ್ಟನ್ನೇ ಕಟ್ಟಿದೆವು." ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಜಾದೂಗಾರನ ಟೋಪಿಯೊಳಗಿನಿಂದ ಮೊಲದ ಬದಲು ಲೆಕ್ಕದ ಪುಸ್ತಕ ಹೊರಬಂದರೆ ಆಗುವ ನಿರಾಸೆ ಅವರ ಮುಖಗಳ ಮೇಲಿತ್ತು. "ಅದೆಲ್ಲ ಸರಿ, ಆದರೆ ಏನಾದರೂ ಬಿಟ್ಟಿರಲೇಬೇಕಲ್ಲ?" ಎಂದು ಅವರು ಒತ್ತಾಯಿಸಿದಾಗ ನನಗೆ ರೇಗಿ, ಎರಡು ವರ್ಷ ಸಂಜೆ ಏಳು ಗಂಟೆಗೇ ಮನೆಯ ದೀಪವೆಲ್ಲ ಆರಿಸಿ ಮಲಗುತ್ತಿದ್ದೆವು ಎಂದುಬಿಟ್ಟೆ. ಎಲ್ಲರೂ ತೃಪ್ತಿಯಿಂದ ತಲೆದೂಗಿದರು. ಒಬ್ಬರಂತೂ, ಅದರಿಂದ ತಿಂಗಳಿಗೆ ಎಷ್ಟು ಉಳಿಯುತ್ತಿತ್ತು ಎಂದು ಗಂಭೀರವಾಗಿ ವಿಚಾರಿಸಿಕೊಂಡರು. ಅಲ್ಲಿಯವರೆಗೆ ಬಡ್ಡಿ ಎಷ್ಟಿತ್ತು ಎಂದು ಅವರಲ್ಲಿ ಒಬ್ಬರೂ ಕೇಳಿರಲಿಲ್ಲ, ಆಮೇಲೆಯೂ ಕೇಳಲಿಲ್ಲ.

ಕೇಳಿದ್ದರೆ ಹೇಳುತ್ತಿದ್ದೆ. ನಮಗಿದ್ದ ಐದು ಸಾಲಗಳಲ್ಲಿ ಎರಡು ಕ್ರೆಡಿಟ್ ಕಾರ್ಡಿನವು, ಒಂದು ವಾಹನದ್ದು, ಒಂದು ಮನೆಸಾಮಾನಿನ ಕಂತು, ಇನ್ನೊಂದು ಸ್ನೇಹಿತರಿಂದ ಪಡೆದ ಕೈಸಾಲ. ಕಾರ್ಡಿನ ಬಡ್ಡಿ ತಿಂಗಳಿಗೆ ನೂರಕ್ಕೆ 3. ಕೇಳಲು ಪುಟ್ಟ ಸಂಖ್ಯೆ, ಆದರೆ ಬಡ್ಡಿಯ ಮೇಲೆ ಬಡ್ಡಿ ಸೇರುತ್ತಾ ಹೋದರೆ ವರ್ಷಕ್ಕೆ ಶೇಕಡಾ 36 ಅಲ್ಲ, 42ನ್ನೂ ದಾಟುತ್ತದೆ. ಪ್ರತಿ ತಿಂಗಳ ಬಿಲ್ಲಿನ ಮೂಲೆಯಲ್ಲಿ ಕನಿಷ್ಠ ಪಾವತಿ ಎಂಬ ಸೌಜನ್ಯದ ಸಾಲೊಂದಿರುತ್ತದೆ. ನಮ್ಮದು ಬಾಕಿಯ ಶೇಕಡಾ 5. ಒಂದು ಲಕ್ಷ ಬಾಕಿಯಿದ್ದರೆ ಬಡ್ಡಿ 3,000 ಸೇರಿ ಅದು 1,03,000 ಆಗುತ್ತದೆ, ಕನಿಷ್ಠ ಪಾವತಿಯಾಗಿ 5,150 ಕಟ್ಟಿದರೆ ಅಸಲಿನಲ್ಲಿ ಕರಗುವುದು 2,150 ಮಾತ್ರ. ಅದೇ ಗತಿಯಲ್ಲಿ ಕಟ್ಟುತ್ತಾ, ಒಂದು ಕಾಸನ್ನೂ ಹೊಸದಾಗಿ ಖರ್ಚು ಮಾಡದೆ, ಒಂದು ತಿಂಗಳೂ ತಪ್ಪದೆ ನಡೆದುಕೊಂಡರೂ ಆ ಸಾಲ ಅರ್ಧಕ್ಕೆ ಇಳಿಯಲು ಸುಮಾರು 32 ತಿಂಗಳು ಬೇಕು. ತೀರಲು ಅಲ್ಲ, ಅರ್ಧಕ್ಕೆ ಇಳಿಯಲು. ನಾವು ಹೀಗೆ ಮೂರು ವರ್ಷ ತಪ್ಪದೆ ಕಟ್ಟಿ, ನಡುನಡುವೆ ಅದೇ ಕಾರ್ಡಿನಲ್ಲಿ ಸಾಮಾನನ್ನೂ ತಂದು, ನಮ್ಮನ್ನು ನಾವೇ ಶಿಸ್ತಿನ ಸಾಲಗಾರರೆಂದು ಹೊಗಳಿಕೊಂಡಿದ್ದೆವು.

72ನ್ನು ವಾರ್ಷಿಕ ಬಡ್ಡಿದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷದಲ್ಲಿ ಇಮ್ಮಡಿಯಾಗುತ್ತದೆ ಎಂಬುದು ಹೆಚ್ಚು ಕಡಿಮೆ ತಿಳಿಯುತ್ತದೆ. ಇದು ಇಂದಿನ ಹಣಕಾಸು ಸಲಹೆಗಾರರು ಕಂಡುಹಿಡಿದ ಸೂತ್ರವಲ್ಲ. 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಗಣಿತ ಗ್ರಂಥದಲ್ಲಿಯೇ ಇಟಲಿಯ ಗಣಿತಜ್ಞ ಲೂಕಾ ಪಚೋಲಿ ಇದನ್ನು ಹೇಳಿದ್ದಾನೆ. ಶೇಕಡಾ 36ಕ್ಕೆ ಹಾಕಿ ನೋಡಿದರೆ ಉತ್ತರ ಎರಡು ವರ್ಷ. ಐನೂರು ವರ್ಷಗಳಿಂದ ಜಗತ್ತಿಗೆ ಗೊತ್ತಿದ್ದ ಈ ಭಾಗಾಕಾರವನ್ನು ನಾನು ಕಲಿತದ್ದು ನಲವತ್ತರ ಹೊಸ್ತಿಲಲ್ಲಿ.

ವಾಹನದ ಸಾಲದ ಕಥೆ ಇನ್ನೊಂದು ಬಗೆಯದು. ವರ್ಷಕ್ಕೆ ಶೇಕಡಾ 12, ಐದು ವರ್ಷ ಎಂದು ಹೇಳಿದ್ದರು, ನಾವು ಸಂತೋಷದಿಂದ ಸಹಿ ಹಾಕಿದ್ದೆವು. ಅಸಲು ಕರಗಿದಂತೆ ಬಡ್ಡಿಯೂ ಇಳಿಯುವ ಲೆಕ್ಕದಲ್ಲಿ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 2,224 ಆಗುತ್ತದೆ. ನಮ್ಮದು ಫ್ಲಾಟ್ ದರ. ಅಂದರೆ ಮೊದಲ ದಿನದ ಅಸಲಿನ ಮೇಲೆ ಐದೂ ವರ್ಷ ಪೂರ್ತಿ ಬಡ್ಡಿ. ಆಗ ಕಂತು 2,667 ಆಗುತ್ತದೆ, ನಿಜವಾದ ದರ ಶೇಕಡಾ 20ನ್ನು ದಾಟುತ್ತದೆ. ಯಾರೂ ಸುಳ್ಳು ಹೇಳಿರಲಿಲ್ಲ. 'ಫ್ಲಾಟ್' ಎಂಬ ಪದ ಕಾಗದದ ಮೇಲೆಯೇ ಇತ್ತು, ನಾವು ಅದನ್ನು ಒಳ್ಳೆಯ ವಿಶೇಷಣವೆಂದು ಭಾವಿಸಿದ್ದೆವು.

ಈಗ ಹೇಳಿ, ಹೊರಗಿನ ಊಟವನ್ನು ಬಿಟ್ಟಿದ್ದರೆ ಇದರಲ್ಲಿ ಯಾವುದು ಸರಿಹೋಗುತ್ತಿತ್ತು? ಸ್ವಲ್ಪ ಹೋಗುತ್ತಿತ್ತು, ಒಪ್ಪುತ್ತೇನೆ. ಹೊರಗಿನ ಊಟವನ್ನು ನಾವು ಕಡಿಮೆ ಮಾಡಿದ್ದೂ ಹೌದು, ನೋಡದ ಚಂದಾಗಳನ್ನು ನಿಲ್ಲಿಸಿದ್ದೂ ಹೌದು, ಹರಿದದ್ದನ್ನು ಹೊಲಿದು, ಕೆಟ್ಟದ್ದನ್ನು ರಿಪೇರಿ ಮಾಡಿಸಿ ಬಳಸಿದ್ದೂ ಹೌದು. ಆದರೆ ಮಿತವ್ಯಯಕ್ಕೆ ಹೆಸರಾದ ಎಷ್ಟೋ ಉಪಾಯಗಳು ಸಾಲಗಾರನ ಕೈಯಲ್ಲಿ ತಿರುಗಿ ಕಚ್ಚುತ್ತವೆ ಎಂಬುದನ್ನು ಯಾರೂ ನಮಗೆ ಹೇಳಿರಲಿಲ್ಲ. ಒಟ್ಟಿಗೆ ಕೊಂಡರೆ ಅಗ್ಗ ಎಂಬುದನ್ನೇ ತೆಗೆದುಕೊಳ್ಳಿ. ಶೇಕಡಾ 10 ರಿಯಾಯಿತಿಯೆಂದು ಒಂದು ವರ್ಷಕ್ಕೆ ಬೇಕಾಗುವ ಸಾಬೂನನ್ನು ಒಮ್ಮೆಗೇ ತಂದಿಟ್ಟೆವು. ತಿಂಗಳಿಗೆ ಶೇಕಡಾ 3ರ ಸಾಲವನ್ನು ಕಾರ್ಡಿನಲ್ಲಿ ಇಟ್ಟುಕೊಂಡವರಿಗೆ ಅದು ನಷ್ಟದ ವ್ಯಾಪಾರ: ತಿಂಗಳಿಗಿಷ್ಟೆಂದು ಪೂರ್ಣ ಬೆಲೆ ಕೊಟ್ಟು ಕೊಂಡು, ಕೈಯಲ್ಲುಳಿದ ಹಣವನ್ನು ಸಾಲಕ್ಕೆ ಕಟ್ಟಿದ್ದರೆ ಉಳಿಯುತ್ತಿದ್ದ ಬಡ್ಡಿ ಆ ರಿಯಾಯಿತಿಗಿಂತ ಹೆಚ್ಚು. ನಮ್ಮ ಬೀರುವಿನ ಮೇಲೆ ಅಚ್ಚುಕಟ್ಟಾಗಿ ಪೇರಿಸಿಟ್ಟಿದ್ದ ಆ ಸಾಬೂನುಗಳು ವಾಸ್ತವವಾಗಿ ಬಡ್ಡಿ ತಿನ್ನುತ್ತಾ ಕುಳಿತಿದ್ದವು. ಉಳಿತಾಯ ಖಾತೆಯಲ್ಲಿ ಕಡಿಮೆ ಬಡ್ಡಿಗೆ ಹಣವಿಟ್ಟು, ಪಕ್ಕದಲ್ಲಿ ಕಾರ್ಡಿನ ಬಡ್ಡಿ ಕಟ್ಟುವುದೂ ಇದೇ ಜಾತಿಯ ಜಾಣತನ. ಆದರೂ ಒಂದು ತಿಂಗಳ ಖರ್ಚಿನಷ್ಟು ಹಣವನ್ನು ಮುಟ್ಟದೆ ಇಟ್ಟುಕೊಂಡೆವು, ಏಕೆಂದರೆ ಅದಿಲ್ಲದಿದ್ದರೆ ಹಠಾತ್ತನೆ ಬಂದ ರಿಪೇರಿಯೊಂದು ಮತ್ತೆ ಅದೇ ಕಾರ್ಡಿನ ಬಾಗಿಲು ತಟ್ಟಿಸುತ್ತಿತ್ತು. ಲೆಕ್ಕ ಒಪ್ಪದಿದ್ದರೂ ನಿದ್ರೆ ಒಪ್ಪುವಂಥ ಕೆಲವು ನಿರ್ಧಾರಗಳಿರುತ್ತವೆ.

ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇದೆ: "ಒಟ್ಟು ಸಾಲ ಎಷ್ಟೆಂದು ನೀವು ಮೊದಲ ಬಾರಿ ಕೂಡಿಸಿ ನೋಡಿದ್ದು ಯಾವಾಗ?" ಯಾರೂ ಕೇಳದಿದ್ದರೂ ಉತ್ತರಿಸುತ್ತೇನೆ. ಪ್ರತಿಯೊಂದು ಕಂತಿನ ತಾರೀಖು ನಮಗೆ ಬಾಯಿಪಾಠವಾಗಿತ್ತು, ಮೊತ್ತವೂ ಬಾಯಿಪಾಠವಾಗಿತ್ತು. ಐದನ್ನೂ ಒಂದರ ಕೆಳಗೊಂದು ಬರೆದು ಗೆರೆ ಎಳೆದು ಕೂಡಿಸುವ ಕೆಲಸವನ್ನು ಮಾತ್ರ ಮೂರು ವರ್ಷ ಮಾಡಿರಲಿಲ್ಲ. ಸೋಮಾರಿತನವಲ್ಲ, ಭಯ. ಒಂದು ರಾತ್ರಿ, ವಿಮೆಯ ಕಂತು ಕಟ್ಟಲು ಹಣ ಸಾಲದೆ ('ಸಾಲ' ಮತ್ತು 'ಸಾಲದು' ಇಷ್ಟು ಹತ್ತಿರ ವಾಸಿಸುವ ಭಾಷೆಯಲ್ಲಿ ಹುಟ್ಟಿದವರಿಗೆ ಇದು ಮೊದಲೇ ಹೊಳೆಯಬೇಕಿತ್ತು) ನಾವಿಬ್ಬರೂ ಹಳೆಯ ಬಿಲ್ಲೊಂದರ ಹಿಂಬದಿಯಲ್ಲಿ ಬರೆಯಲು ಕುಳಿತೆವು. ನನ್ನ ಅಂದಾಜನ್ನು ಮೊದಲು ಬರೆದೆ. ಕೂಡಿಸಿ ಮುಗಿಸಿದಾಗ ಬಂದ ಮೊತ್ತ ಅದಕ್ಕಿಂತ ಮೂರನೆಯ ಒಂದು ಭಾಗದಷ್ಟು ಹೆಚ್ಚಿತ್ತು. ಅಂದಾಜು ತಪ್ಪಲು ಕಾರಣ ಗಣಿತವಾಗಿರಲಿಲ್ಲ: ಎರಡನೆಯ ಕಾರ್ಡಿನ ಬಾಕಿ ಎಷ್ಟೆಂದು ಮನೆಯವರು ನನಗೆ ಹೇಳಿರಲಿಲ್ಲ, ಸ್ನೇಹಿತರಿಂದ ಎರಡನೆಯ ಬಾರಿಯೂ ಹಣ ಪಡೆದದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ಆ ರಾತ್ರಿಯ ಜಗಳದ ವಿವರ ಈ ಬರಹಕ್ಕೆ ಬೇಡ. ಸಾಲ ತೀರತೊಡಗಿದ್ದು ಆ ಹಾಳೆಯಿಂದ ಎಂಬುದಷ್ಟೇ ಸಾಕು.

ಮರುದಿನದಿಂದ ಬರೆಯತೊಡಗಿದ ಜಮಾಖರ್ಚಿನ ಪುಸ್ತಕ ಕಲಿಸಿದ ಪಾಠ ನನಗೆ ಇನ್ನೂ ಅಚ್ಚರಿ. ಮನೆಯನ್ನು ಮುಳುಗಿಸುತ್ತಿದ್ದುದು ದಿನದ ಸಣ್ಣಪುಟ್ಟ ಖರ್ಚುಗಳಾಗಿರಲಿಲ್ಲ, ವರ್ಷಕ್ಕೊಮ್ಮೆ ಬರುವ ಖರ್ಚುಗಳಾಗಿದ್ದವು. ವಿಮೆ, ಶಾಲೆಯ ಶುಲ್ಕ, ತೆರಿಗೆ, ವಾಹನದ ಸರ್ವಿಸ್ ಇವೆಲ್ಲ ಬರುವ ತಿಂಗಳು ಮೊದಲೇ ಗೊತ್ತಿದ್ದರೂ, ಪ್ರತಿ ಸಲವೂ ಕರೆಯದೆ ಬಂದ ಅತಿಥಿಯನ್ನು ಕಂಡಂತೆ ಬೆಚ್ಚಿ ನಾವು ಕಾರ್ಡಿಗೆ ಕೈಹಾಕುತ್ತಿದ್ದೆವು. ಅವನ್ನೆಲ್ಲ ಕೂಡಿಸಿ, ಹನ್ನೆರಡರಿಂದ ಭಾಗಿಸಿ, ಪ್ರತಿ ತಿಂಗಳು ಅಷ್ಟನ್ನು ಬೇರೆ ಖಾತೆಗೆ ಹಾಕತೊಡಗಿದ ಮೇಲೆ ಕಾರ್ಡಿನ ಹೊಸ ಬಾಕಿ ನಿಂತಿತು. ಎರಡನೆಯ ಬದಲಾವಣೆ ಇನ್ನೂ ಚಿಕ್ಕದು. ತಿಂಗಳ ಕೊನೆಗೆ ಉಳಿದದ್ದನ್ನು ಸಾಲಕ್ಕೆ ಕಟ್ಟೋಣ ಎಂದುಕೊಂಡಿದ್ದವರು ಸಂಬಳ ಬಂದ ದಿನವೇ ಕಟ್ಟತೊಡಗಿದೆವು, ಏಕೆಂದರೆ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲವೆಂಬುದನ್ನು ಪುಸ್ತಕ ಆಗಲೇ ಸಾಬೀತು ಮಾಡಿತ್ತು. ಬೇಗ ಕಟ್ಟಿದ್ದಕ್ಕೆ ಬೆಲೆಯೂ ಹೆಚ್ಚು: ಅಸಲು ಕರಗುವ ಲೆಕ್ಕದ ಶೇಕಡಾ 12ರ ಐದು ವರ್ಷದ ಸಾಲಕ್ಕೆ ಮೊದಲ ಕಂತಿನ ಜೊತೆ 1,000 ಹೆಚ್ಚಾಗಿ ಕಟ್ಟಿ, ಕಂತನ್ನು ಮೊದಲಿನಷ್ಟೇ ಉಳಿಸಿಕೊಂಡರೆ, ಕೊನೆಯಲ್ಲಿ ಸುಮಾರು 1,800 ಕಟ್ಟುವುದು ತಪ್ಪುತ್ತದೆ. ಅದೇ 1,000ವನ್ನು ಕೊನೆಯ ವರ್ಷದಲ್ಲಿ ಹೆಚ್ಚಾಗಿ ಕಟ್ಟಿದರೆ ತಪ್ಪುವುದು ಹೆಚ್ಚೆಂದರೆ 1,100ರ ಆಸುಪಾಸು.

ಬಡ್ಡಿ ಹೆಚ್ಚಿರುವ ಸಾಲವನ್ನು ಮೊದಲು ತೀರಿಸುವುದು ಗಣಿತದ ದಾರಿ, ಚಿಕ್ಕ ಸಾಲವನ್ನು ಮೊದಲು ತೀರಿಸುವುದು ಮನಸ್ಸಿನ ದಾರಿ ಎಂದು ಬಲ್ಲವರು ವಾದಿಸುತ್ತಾರೆ. ನಾವು ಗಣಿತದವರೆಂದು ಸಭೆಗಳಲ್ಲಿ ಹೇಳಿಕೊಳ್ಳುತ್ತೇನೆ. ನಿಜವೆಂದರೆ ಬಡ್ಡಿಯೇ ಇಲ್ಲದ ಕೈಸಾಲವನ್ನು ಎಲ್ಲಕ್ಕಿಂತ ಮೊದಲು ಹಿಂದಿರುಗಿಸಿದೆವು, ಏಕೆಂದರೆ ಕೊಟ್ಟ ಸ್ನೇಹಿತರು ಒಮ್ಮೆಯೂ ಕೇಳಿರಲಿಲ್ಲ, ಆ ಕೇಳದಿರುವಿಕೆ ಪ್ರತಿ ಭೇಟಿಯಲ್ಲಿಯೂ ನಮ್ಮ ನಡುವೆ ಕುರ್ಚಿ ಹಾಕಿಕೊಂಡು ಕೂರುತ್ತಿತ್ತು. ಉಳಿದ ನಾಲ್ಕಕ್ಕೆ ಮಾತ್ರ ಗಣಿತ ಅನ್ವಯಿಸಿತು. ಎಲ್ಲ ಮುಗಿಯಲು ನಾಲ್ಕು ವರ್ಷ ಎರಡು ತಿಂಗಳು ಹಿಡಿಯಿತು.

ಇಷ್ಟು ಹೇಳಿದ ಮೇಲೂ ಏನು ಬಿಟ್ಟಿರೆಂದು ತಿಳಿಯಲೇಬೇಕೆನ್ನುವವರಿಗೆ, ಸರಿ, ಹೇಳುತ್ತೇನೆ. ನಾವು ಬಿಟ್ಟದ್ದು ನಿಮ್ಮನ್ನು. ನೀವು ಕರೆದ ಪ್ರವಾಸಗಳಿಗೆ, ಎಲ್ಲರೂ ಪಾಲು ಹಾಕುವ ಸಂಜೆಗಳಿಗೆ, ಬರಿಗೈಯಲ್ಲಿ ಹೋಗಲಾಗದ ಸಮಾರಂಭಗಳಿಗೆ ನಾವು ಬರಲಿಲ್ಲ. ಮಗುವಿಗೆ ಜ್ವರ ಎಂದೆವು, ಆಫೀಸಿನಲ್ಲಿ ಕೆಲಸ ಎಂದೆವು, ಒಮ್ಮೆ ಒಂದೇ ತಿಂಗಳಲ್ಲಿ ಎರಡು ಸಲ ಬೆನ್ನುನೋವನ್ನು ಬಳಸಿಕೊಂಡೆವು. ಕೈಯಲ್ಲಿ ಹಣವಿಲ್ಲ ಎಂಬ ಎರಡು ಪದಗಳನ್ನು ಹೇಳಿದ್ದರೆ ನಿಮ್ಮಲ್ಲಿ ಅರ್ಧ ಜನವಾದರೂ ಖರ್ಚಿಲ್ಲದ ಭೇಟಿಯನ್ನು ಸೂಚಿಸುತ್ತಿದ್ದಿರೋ ಏನೋ. ನಾವು ಹೇಳಲಿಲ್ಲ, ಹಾಗಾಗಿ ನಿಮ್ಮನ್ನು ದೂರಲು ನನಗೆ ಹಕ್ಕಿಲ್ಲ. ಜಮಾಖರ್ಚಿನ ಪುಸ್ತಕದಲ್ಲಿ ಇದಕ್ಕೊಂದು ಅಂಕಣವಿರಲಿಲ್ಲ. ಇದ್ದಿದ್ದರೆ ಸಾಬೂನಿನಂತೆಯೇ ಇದೂ ನಷ್ಟದ ಉಳಿತಾಯವೆಂದು ಬೇಗ ತಿಳಿಯುತ್ತಿತ್ತು. ಕರೆಯುವುದನ್ನೇ ನಿಲ್ಲಿಸಿದ ಇಬ್ಬರು ಮತ್ತೆ ಕರೆದಿಲ್ಲ.

ಕಳೆದ ತಿಂಗಳು ಪ್ರಯಾಣದಲ್ಲಿ ಪಕ್ಕದ ಆಸನದಲ್ಲಿದ್ದ ಅಪರಿಚಿತರೊಬ್ಬರು ಮಾತಿಗೆ ಮಾತು ಬೆಳೆದು ಒಂದು ಕುಟುಂಬದ ಕಥೆ ಹೇಳಿದರು. ಮೈತುಂಬ ಸಾಲ ಮಾಡಿಕೊಂಡಿದ್ದ ಆ ಕುಟುಂಬದವರು ಐದು ವರ್ಷ ಸಂಜೆ ಆರು ಗಂಟೆಗೇ ದೀಪ ಆರಿಸಿ ಮಲಗಿ, ಆ ಒಂದೇ ಉಳಿತಾಯದಿಂದ ಎಲ್ಲವನ್ನೂ ತೀರಿಸಿದರಂತೆ. ಏಳು ಗಂಟೆ ಆರಾಗಿತ್ತು, ಎರಡು ವರ್ಷ ಐದಾಗಿತ್ತು; ಅದರ ಮೇಲೂ ಬಡ್ಡಿ ಬೆಳೆದಿತ್ತು. ಅವರಿಗಿದ್ದ ಸಾಲದ ಬಡ್ಡಿ ಎಷ್ಟಂತೆ ಎಂದು ಕೇಳಿದೆ. ಅದನ್ನು ತಾನು ವಿಚಾರಿಸಿಲ್ಲವೆಂದು ಹೇಳಿ ಅವರು, ಆ ಮನೆಯ ಮಕ್ಕಳು ಪರೀಕ್ಷೆಗೆ ಓದುತ್ತಿದ್ದುದು ಹೇಗೆಂಬುದನ್ನು ವಿವರಿಸತೊಡಗಿದರು.