ಹಳದಿ–ನೇರಳೆ ಕೊನೆಗೂ ಮಿನುಗಿತು: ಗಾಳಿಯ ಕಠಾರಿಯ ಕೆಲಸ ಎಲ್ಲಿಗೆ ಬಂತು

ಕಠಾರಿ ಮಿನುಗಿತು! ಗೋಲ್ಡನ್ ಡಾನ್ ಎಂಬ ಗೂಢವಿದ್ಯೆಯ ಸಂಘದ ಪುಸ್ತಕ ನೋಡಿ ಬೆಂಕಿ, ನೀರು, ಗಾಳಿಯ ಸಾಧನಗಳನ್ನು ನಾನೇ ಮಾಡಿ ಬಣ್ಣ ಬಳಿಯುತ್ತಿದ್ದೇನೆ, ಗಾಳಿಯದ್ದು ಈ ಕಠಾರಿ. ಹಳದಿ ಹಿಡಿಕೆಯ ಮೇಲೆ ನೇರಳೆ ಹೀಬ್ರೂ ಅಕ್ಷರಗಳ ಅಂಚಿನಲ್ಲಿ ಬೆಳಕಿನ ಗೆರೆ ಓಡಾಡುವುದು ಈಗ ಸ್ಪಷ್ಟವಾಗಿ ಕಾಣುತ್ತಿದೆ. ಬೆಂಕಿಯ ದಂಡದ ಕೆಂಪು–ಹಸಿರು ಯಾವಾಗಲೋ ಮುಗಿದಿತ್ತು. ನೀರಿನ ಬಟ್ಟಲಿನ ನೀಲಿ–ಕಿತ್ತಳೆ ಸ್ವಲ್ಪ ಸತಾಯಿಸಿ ದಾರಿಗೆ ಬಂದಿತ್ತು. ಈ ಒಂದು ಜೋಡಿ ಮಾತ್ರ ಜೀವ ತಿಂದುಬಿಟ್ಟಿತು. ಹಾಗಾಗಿ ಈ ಸಲದ ಬರಹ ಪೂರ್ತಿ ಇದಕ್ಕೇ. ಮರ ಉಜ್ಜುವುದು, ಜೆಸ್ಸೋ (ಬಣ್ಣದ ಕೆಳಗಿನ ಬಿಳಿ ಲೇಪ) ಹಚ್ಚುವುದು, ಅಕ್ಷರಗಳ ಗುರುತು ಹಾಕುವುದು ಇವೆಲ್ಲ ನಿಮಗೆ ಗೊತ್ತಿರುವುದೇ. ದಂಡದೊಳಗೆ ಕಾಂತದ ತಂತಿ ತೂರಿಸುವ ಕಷ್ಟ ಹಿಂದಿನ ಸಲವೇ ಬರೆದಿದ್ದೇನೆ.

ಎದುರಿಗೆ ತೆರೆದಿಟ್ಟುಕೊಂಡಿರುವ ಪುಸ್ತಕ ಅದೇ, ಇಸ್ರೇಲ್ ರೆಗಾರ್ಡಿ ಹೊರತಂದ 'ದ ಗೋಲ್ಡನ್ ಡಾನ್'. 1937ರಿಂದ 1940ರ ನಡುವೆ ಶಿಕಾಗೋದ ಏರೀಸ್ ಪ್ರೆಸ್ ಇದನ್ನು ನಾಲ್ಕು ಸಂಪುಟಗಳಲ್ಲಿ ಅಚ್ಚು ಹಾಕಿತು. 1888ರಲ್ಲಿ ಲಂಡನ್‌ನಲ್ಲಿ ಶುರುವಾದ ಗೂಢವಿದ್ಯೆಯ ಸಂಘದ ಪಾಠಗಳು, ದೀಕ್ಷೆಯ ವಿಧಿಗಳು, ಸಾಧನಗಳ ಅಳತೆ, ಬಣ್ಣ, ಎಲ್ಲವೂ ಅದರಲ್ಲಿವೆ. ಸಂಘದ ಮುಂದಿನ ಕವಲೊಂದಕ್ಕೆ ಗುಟ್ಟು ಬಿಡುವುದಿಲ್ಲ ಎಂದು ಆಣೆ ಮಾಡಿ ಸೇರಿದ್ದ ರೆಗಾರ್ಡಿಯೇ ಇವನ್ನೆಲ್ಲ ಬಯಲಿಗಿಟ್ಟರು. ಇದಕ್ಕೂ ಮುಂಚೆ ಸಂಘದ ಮಾಜಿ ಸದಸ್ಯ ಅಲಿಸ್ಟರ್ ಕ್ರೌಲಿ ತಮ್ಮ ಪತ್ರಿಕೆಯಲ್ಲಿ ಒಂದಿಷ್ಟು ಬಿಟ್ಟುಕೊಟ್ಟಿದ್ದರು. ಅದನ್ನು ತಡೆಯಲು 1910ರಲ್ಲಿ ಸಂಘದ ಮುಖಂಡ ಮ್ಯಾಥರ್ಸ್ ಕೋರ್ಟಿಗೂ ಹೋಗಿದ್ದರು. ರೆಗಾರ್ಡಿ ಮಾಡಿದ್ದು ಸರಿಯೋ ತಪ್ಪೋ ಎಂಬ ಜಗಳ ಇವತ್ತಿಗೂ ತಣ್ಣಗಾಗಿಲ್ಲ. ನಾನಂತೂ ರೆಗಾರ್ಡಿ ಕಡೆ. ಈ ಪಾಠಗಳು ಸದಸ್ಯರ ಕೈಬರಹದ ನಕಲುಗಳಲ್ಲಿ ಓಡಾಡುತ್ತಿದ್ದವು. ಅಚ್ಚಾಗದೆ ಇದ್ದಿದ್ದರೆ ದಂಡಕ್ಕೆ ಯಾವ ಬಣ್ಣ, ಕಠಾರಿಗೆ ಯಾವುದು ಎಂದು ನಾವು ಊಹೆ ಮಾಡುತ್ತಾ ಕೂರಬೇಕಿತ್ತು.

ಪುಸ್ತಕದ ಇನ್ನೊಂದು ನಿಯಮವೂ ನನಗೆ ತುಂಬ ಇಷ್ಟ. ಸಾಧನಗಳನ್ನು ಸಾಧಕರು ತಮ್ಮ ಕೈಯಾರೆ ಮಾಡಬೇಕು. ಕವಿ ಯೇಟ್ಸ್ 1890ರಲ್ಲಿ ಸೇರಿದವರು. ಅವರೂ ಹೀಗೆ ಕೂತು ಬಣ್ಣ ಬಳಿದವರೇ. ಅವರ ಸಾಧನಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಪ್ರದರ್ಶನಕ್ಕೂ ಇಟ್ಟಿತ್ತು.

ಈಗ ಮಿನುಗುವ ಬಣ್ಣಗಳ ವಿಷಯ. ಒಂದು ಬಣ್ಣದ ಪಕ್ಕ ಅದರ ಎದುರು ಬಣ್ಣ (ಬಣ್ಣದ ಚಕ್ರದಲ್ಲಿ ನೇರ ಎದುರಿಗೆ ಬರುವುದು) ಇಟ್ಟರೆ ಜೋಡಿ ಮಿನುಗುತ್ತದೆ, ಆ ಜೋಡಿ ಸುತ್ತಲಿನ ಆಕಾಶದಿಂದ ಶಕ್ತಿಯ ಹರಿವನ್ನು ತನ್ನ ಕಡೆ ಎಳೆಯುತ್ತದೆ ಎಂದು ಪಾಠ ಹೇಳುತ್ತದೆ. ಬೆಂಕಿಗೆ ಕೆಂಪು–ಹಸಿರು, ನೀರಿಗೆ ನೀಲಿ–ಕಿತ್ತಳೆ, ಗಾಳಿಗೆ ಹಳದಿ–ನೇರಳೆ. ಆದರೆ ಬಣ್ಣ ಇರುವುದು ಬರೀ ಹೆಸರಲ್ಲಿ. ಯಾವ ಹಳದಿ? ಎಷ್ಟು ಗಾಢ ನೇರಳೆ? ಅಲ್ಲೇ ಇರುವುದು ತಾಪತ್ರಯ.

ಬೆಂಕಿಯ ದಂಡಕ್ಕೆ ಪಿರೋಲ್ ಕೆಂಪು, ಅಂದರೆ ಪಿ.ಆರ್. 254 (ಟ್ಯೂಬಿನೊಳಗೆ ಯಾವ ಬಣ್ಣದ ಪುಡಿ ಇದೆ ಎಂದು ಹೇಳುವ ಪಿಗ್ಮೆಂಟ್ ನಂಬರ್), ಬಳಸಿದ್ದೆ. ಅದರ ಮೇಲೆ ಥಾಲೋ ಹಸಿರಿಗೆ ನಿಂಬೆ ಹಳದಿ ಮತ್ತು ಚೂರು ಬಿಳಿ ಸೇರಿಸಿ ಅಕ್ಷರ ಬರೆದೆ. ಕಣ್ಣು ನೋಯುವಷ್ಟು ಮಿನುಗಿತು. ಅದೇ ದಾರಿಯಲ್ಲಿ ಕಠಾರಿಗೆ ಹಾನ್ಸಾ ಹಳದಿ ಬಳಿದು, ಡಯಾಕ್ಸಜೀನ್ ನೇರಳೆಯಲ್ಲಿ (ಪಿ.ವಿ. 23) ಅಕ್ಷರ ಬರೆದರೆ ಏನೂ ಇಲ್ಲ. ಹಳದಿ ಮೇಲೆ ಕಪ್ಪು ಅಕ್ಷರ ಬರೆದಂತೆ ಸುಮ್ನೆ ಕೂತಿತ್ತು. ಚೆನ್ನಾಗಿ ಓದಬಹುದು, ಅಷ್ಟೇ. ಪಿ.ವಿ. 23 ದಪ್ಪಗೆ ಬಳಿದರೆ ಹೆಚ್ಚುಕಮ್ಮಿ ಕಪ್ಪೇ ಅಲ್ವಾ.

ಬೇರೆ ನೇರಳೆ ತರಿಸೋಣ ಅಂದರೆ ಅಂಗಡಿಯವರ ಕಾಟ. ಒಂದು ಟ್ಯೂಬಿನ ಮೇಲೆ ಕೋಬಾಲ್ಟ್ ನೇರಳೆ ಎಂದು ದೊಡ್ಡ ಅಕ್ಷರ, ಅದರ ಕೆಳಗೆ ಕಂಡೂ ಕಾಣದ ಹಾಗೆ 'ಹ್ಯೂ', ಅಂದರೆ ಅಸಲಿ ಅಲ್ಲ, ಅದನ್ನು ಹೋಲುವ ಬಣ್ಣ. ಒಳಗೆ ಅದೇ ಪಿ.ವಿ. 23ಕ್ಕೆ ಬಿಳಿ ಬೆರೆಸಿದ್ದಾರೆ. ಇನ್ನೊಂದರ ಮೇಲೆ ಪಿಗ್ಮೆಂಟ್ ನಂಬರೇ ಇಲ್ಲ. ಕೇಳಿದರೆ ಹಾಕಿರುವ ಫೋಟೋ ನೋಡಿಕೊಳ್ಳಿ ಎಂಬ ಉತ್ತರ. ಪಿಗ್ಮೆಂಟ್ ನಂಬರ್ ಬರೆಯದವರಿಂದ ಬಣ್ಣ ಕೊಳ್ಳಲೇಬೇಡಿ. ಮತ್ತೆ ಅದೇ ಹೆಸರಿನ ಟ್ಯೂಬ್ ತರಿಸಿದರೆ ಅದೇ ಬಣ್ಣ ಬರುತ್ತದೆ ಎನ್ನುವ ಗ್ಯಾರಂಟಿ ಇರುವುದಿಲ್ಲ. ಫ್ಲೋರೊಸೆಂಟ್ ಬಣ್ಣ ಹಾಕಿ, ತಾನಾಗೇ ಮಿನುಗುತ್ತದೆ ಎಂದವರಿಗೂ ಒಂದು ಮಾತು. ಅದು ಬೆಳಕಿಗೆ ಬೇಗ ಮಂಕಾಗುತ್ತದೆ. ಅಲ್ಲದೆ ಅದರ ಹೊಳಪು ಒಂದೇ ಬಣ್ಣದ್ದು. ಪುಸ್ತಕ ಹೇಳುವುದು ಎರಡು ಬಣ್ಣ ಕೂಡಿದಾಗ ಹುಟ್ಟುವ ಮಿನುಗು.

ಆಮೇಲೆ ಕೆಂಪು–ಹಸಿರು ಯಾಕೆ ಅಷ್ಟು ಸುಲಭಕ್ಕೆ ಮಿನುಗಿತು ಎಂದು ಯೋಚಿಸಿದೆ. ಆ ಜೋಡಿಯಲ್ಲಿ ಎರಡೂ ಬಣ್ಣ ಹೆಚ್ಚುಕಮ್ಮಿ ಒಂದೇ ಬೆಳಕಿನ ಮಟ್ಟದಲ್ಲಿದ್ದವು. ವಸ್ತು ಎಲ್ಲಿದೆ, ಅದರ ಅಂಚು ಎಲ್ಲಿದೆ ಎಂದು ಗುರುತಿಸಲು ನಮ್ಮ ಮಿದುಳು ಹೆಚ್ಚಾಗಿ ನಂಬುವುದು ತಿಳಿ–ಗಾಢದ ವ್ಯತ್ಯಾಸವನ್ನು. ಬಣ್ಣ ಮಾತ್ರ ಬೇರೆಯಾಗಿ ಬೆಳಕಿನ ಮಟ್ಟ ಒಂದೇ ಆದರೆ ಅಂಚು ಎಲ್ಲಿದೆ ಎಂದು ಅದಕ್ಕೆ ಗಟ್ಟಿಯಾಗಿ ಹೇಳಲು ಆಗುವುದಿಲ್ಲ. ಅಂಚು ನಡುಗಿದಂತೆ ಕಾಣುತ್ತದೆ.

ಸರಿ, ಹಳದಿ–ನೇರಳೆಯನ್ನೂ ಒಂದೇ ಮಟ್ಟಕ್ಕೆ ತರೋಣ ಎಂದು ಹೊರಟೆ. ಫೋನಿನ ಕಪ್ಪು–ಬಿಳುಪು ಚಿತ್ರವನ್ನು ನಂಬಬೇಡಿ, ಕಡು ನೇರಳೆ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ತಿರುಗುವ ತಟ್ಟೆ ಒಳ್ಳೆಯದು. ಗಟ್ಟಿ ಕಾಗದ ದುಂಡಗೆ ಕತ್ತರಿಸಿ ಅರ್ಧಕ್ಕೆ ಒಂದು ಬಣ್ಣ, ಇನ್ನರ್ಧಕ್ಕೆ ಇನ್ನೊಂದು ಬಳಿಯಿರಿ. ವೇಗ ಬದಲಿಸಬಹುದಾದ ಸಣ್ಣ ಮೋಟಾರಿಗೆ ಸಿಕ್ಕಿಸಿ. ಸೆಕೆಂಡಿಗೆ ಸುಮಾರು 15 ಸುತ್ತು ಬಂದಾಗ ಎರಡು ಬಣ್ಣ ಕಲೆತು ಒಂದಾಗುತ್ತವೆ. ಆದರೆ ಬೆಳಕಿನ ಮಟ್ಟ ಬೇರೆ ಇದ್ದರೆ ಮಿಣುಕು ನಿಲ್ಲುವುದಿಲ್ಲ. ಗಾಢ ಬಣ್ಣಕ್ಕೆ ಸ್ವಲ್ಪ ಸ್ವಲ್ಪ ಬಿಳಿ ಸೇರಿಸುತ್ತಾ ಮತ್ತೆ ತಿರುಗಿಸಿ. ಮಿಣುಕು ತೀರಾ ಕಮ್ಮಿಯಾದ ಕಡೆ ಎರಡೂ ಸಮ. ಇದನ್ನು ಹಗಲಿನ ಬೆಳಕಲ್ಲೇ ಮಾಡಿ. ಎಷ್ಟೋ ಎಲ್‌ಇಡಿ ದೀಪಗಳು ತಾವೇ ಮಿಣುಕುತ್ತಿರುತ್ತವೆ, ಲೆಕ್ಕ ಕೆಟ್ಟುಹೋಗುತ್ತದೆ.

ಕೆಂಪು–ಹಸಿರಿಗೆ ಇದು ಸೊಗಸಾಗಿ ಕೆಲಸ ಮಾಡಿತು. ನೀಲಿ–ಕಿತ್ತಳೆಗೂ ಸರಿ: ಅಲ್ಟ್ರಾಮರೀನ್ ನೀಲಿಗೆ ಬಿಳಿ, ಕಿತ್ತಳೆಗೆ ಚೂರು ಕೆಂಪು. ಹಳದಿ–ನೇರಳೆಗೆ ಬಂದಾಗ ಎರಡು ಕಡೆಯೂ ಗೋಡೆ. ಹಳದಿ ಹುಟ್ಟಾ ತಿಳಿ ಬಣ್ಣ. ಅದರ ಮಟ್ಟ ಮುಟ್ಟುವ ತನಕ ನೇರಳೆಗೆ ಬಿಳಿ ಸುರಿದರೆ ನೇರಳೆಯೇ ಉಳಿಯುವುದಿಲ್ಲ. ಹಳದಿಯನ್ನು ಕಪ್ಪಿನಿಂದ ಇಳಿಸಿದರೆ ಅದು ಪಾಚಿ ಹಸಿರಿಗೆ ತಿರುಗುತ್ತದೆ. ತಟ್ಟೆ ಮಿಣುಕುವುದನ್ನು ನಿಲ್ಲಿಸಿತು. ಆದರೆ ಅದೇ ಬಣ್ಣಗಳನ್ನು ಹಿಡಿಕೆಗೆ ಬಳಿದರೆ ಎರಡೂ ಸಪ್ಪೆ.

ಇಲ್ಲಿ ನೆರವಿಗೆ ಬಂದವರು ಶೋಪೆನ್‌ಹೌವರ್. ಹೌದು, ಆ ತತ್ವಜ್ಞಾನಿಯೇ. 1816ರಲ್ಲಿ ಅವರು ದೃಷ್ಟಿ ಮತ್ತು ಬಣ್ಣಗಳ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಎದುರು ಬಣ್ಣದ ಪ್ರತಿ ಜೋಡಿಯೂ ಕಣ್ಣಿನ ಪೂರ್ತಿ ಕೆಲಸವನ್ನು ಹಂಚಿಕೊಳ್ಳುತ್ತದೆ, ಆದರೆ ಪಾಲು ಒಂದೇ ಅಲ್ಲ ಎಂಬುದು ಅವರ ವಾದ. ಕೆಂಪಿಗೆ ಅರ್ಧ, ಹಸಿರಿಗೆ ಅರ್ಧ. ಕಿತ್ತಳೆಗೆ ಮೂರರಲ್ಲಿ ಎರಡು, ನೀಲಿಗೆ ಒಂದು. ಹಳದಿಗೆ ನಾಲ್ಕರಲ್ಲಿ ಮೂರು, ನೇರಳೆಗೆ ಒಂದು. ವಿಜ್ಞಾನವಾಗಿ ಇದು ಇವತ್ತು ನಿಲ್ಲುವುದಿಲ್ಲ. ಆದರೆ ನನ್ನ ಮೂರು ಸಾಧನಗಳು ಕಷ್ಟ ಕೊಟ್ಟ ಕ್ರಮ ನೋಡಿ, ಅದೇ ಲೆಕ್ಕ! ಸಮ ಪಾಲಿನ ಜೋಡಿ ತಕ್ಷಣ ಬಂತು. ಒಂದಕ್ಕೆರಡರ ಜೋಡಿ ಸತಾಯಿಸಿತು. ಒಂದಕ್ಕೆ ಮೂರರ ಜೋಡಿ ಬರಲೇ ಇಲ್ಲ.

ಹಾಗಾದರೆ ನೇರಳೆಯನ್ನು ಹಳದಿಯ ಮಟ್ಟಕ್ಕೆ ಎಳೆಯುವುದೇ ಬೇಡ. ಅದಕ್ಕೆ ಬೇರೆ ಥರದ ಮಿನುಗು ಬೇಕು. ನೀವೂ ಮಾಡಿ ನೋಡಿ. ದೊಡ್ಡ ಹಳದಿ ಹಲಗೆಯನ್ನು ದಿಟ್ಟಿಸಿ, ಆಮೇಲೆ ಬಿಳಿ ಗೋಡೆ ನೋಡಿದರೆ ನೀಲಿ ಬೆರೆತ ನೇರಳೆ ನೆರಳು ಕಾಣುತ್ತದೆ. ಹಳದಿ ಬಯಲಿನ ನಡುವೆ ಸಣ್ಣ ನೇರಳೆ ಗೆರೆ ಇದ್ದರೆ, ಕಣ್ಣು ಕೂದಲೆಳೆಯಷ್ಟು ಅಲುಗಿದರೂ ಆ ನೆರಳು ಗೆರೆಯ ಅಂಚಿಗೆ ಬಂದು ಕೂರುತ್ತದೆ. ನೇರಳೆ ಇನ್ನೂ ನೇರಳೆಯಾಗುತ್ತದೆ. ಗೆರೆಯ ನೆರಳು ಹಳದಿ ಮೇಲೆ ಸರಿದಾಗ ಅಲ್ಲಿ ಹಳದಿ ಹೊತ್ತಿಕೊಳ್ಳುತ್ತದೆ. ಇದೂ ಮಿನುಗೇ, ಆದರೆ ಅಂಚಿನ ನಡುಕ ಅಲ್ಲ. ಪುಸ್ತಕ ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತದೆ. ಕೆಂಪು–ಹಸಿರಿಗೆ ಎರಡೂ ಒಟ್ಟಿಗೆ ಸಿಗುತ್ತವೆ. ಹಳದಿ–ನೇರಳೆಗೆ ಈ ಎರಡನೆಯದೇ ಗತಿ.

ಇದು ಗೊತ್ತಾದ ಮೇಲೆ ಕೆಲಸ ಸರಸರ ಸಾಗಿತು. ನೆರಳು ಗಟ್ಟಿಯಾಗಿ ಮೂಡಲು ಹಳದಿ ಬಯಲು ದೊಡ್ಡದಿರಬೇಕು. ದುಂಡು ಹಿಡಿಕೆಯಲ್ಲಿ ಒಂದು ಸಲಕ್ಕೆ ಕಾಣುವುದು ಸಣ್ಣ ಪಟ್ಟಿ. ಅದರ ನಡುವೆ ವಾರ್ನಿಷ್‌ನ ಬಿಳಿ ಹೊಳಪು ಬೇರೆ. ಪುಸ್ತಕ ಕೈಗೆ ಹೊಂದುವ ಯಾವ ಕಠಾರಿಯಾದರೂ ಸರಿ ಎನ್ನುತ್ತದೆ. ಹಾಗಾಗಿ ದುಂಡು ಹಿಡಿಕೆ ಬಿಚ್ಚಿ, ಎರಡು ಕಡೆ ಅಗಲವಾದ ಚಪ್ಪಟೆ ಮರದ ಪಟ್ಟಿ ಕೂರಿಸಿದೆ. ಹಳದಿಯನ್ನು ಪಿ.ವೈ. 65ಕ್ಕೆ ಬದಲಿಸಿದೆ. ಅದು ಬೆಚ್ಚಗಿನ, ತುಸು ಆಳವಾದ ಹಳದಿ, ನಿಂಬೆಯಷ್ಟು ತಿಳಿ ಅಲ್ಲ. ನೇರಳೆಗೆ ಬಿಳಿ ಸೇರಿಸಿ, ಇನ್ನೂ ನೇರಳೆ ಅನ್ನಿಸುವಲ್ಲಿಗೆ ನಿಲ್ಲಿಸಿದೆ. ಅಕ್ಷರಗಳನ್ನು ತೆಳ್ಳಗೆ ಮಾಡಿದೆ. ನೇರಳೆ ಜಾಸ್ತಿ ಇದ್ದಷ್ಟೂ ಮಿನುಗು ಜಾಸ್ತಿ ಎಂದು ತುಂಬ ಜನ ಹೇಳುತ್ತಾರೆ. ನಾನು ಕಂಡದ್ದು ಪೂರ್ತಿ ಉಲ್ಟಾ. ನೇರಳೆ ಹರಡಿದಂತೆ ಹಳದಿಯ ಜೋರು ಕುಗ್ಗುತ್ತದೆ. ಹೀಬ್ರೂ ಅಕ್ಷರಗಳ ಅಡ್ಡಗೆರೆ ಸಹಜವಾಗಿ ದಪ್ಪ. ಅದನ್ನೂ ಇಳಿಸಿ ಬರೆಯಬೇಕಾಯಿತು. ಮೇಲೆ ಮ್ಯಾಟ್ ವಾರ್ನಿಷ್, ಹೊಳೆಯುವುದು ಬೇಡವೇ ಬೇಡ.

ಮೊದಲು ಬರೆದದ್ದು ಗಾಳಿಯ ದೇವದೂತ ರಫೆಲ್ ಹೆಸರು. ಒಣಗುವ ಮೊದಲೇ ಅಂಚಿನಲ್ಲಿ ಹಳದಿ ಹೊತ್ತಿಕೊಂಡಿತು. ಎಷ್ಟು ಖುಷಿ ಆಯಿತು ಅಂದರೆ ಕೈಯಲ್ಲಿದ್ದ ಕುಂಚ ತೊಳೆಯುವುದೇ ಮರೆತೆ.

ತಿರುಗುವ ತಟ್ಟೆಯಲ್ಲಿ ಇನ್ನೊಂದು ವಿಷಯ ಕಂಡಿತು. ನನ್ನ ಕಣ್ಣಿಗೆ ಮಿಣುಕು ನಿಂತ ಕೆಂಪು–ಹಸಿರು ಗೆಳೆಯನ ಕಣ್ಣಿಗೆ ಮಿಣುಕುತ್ತಲೇ ಇತ್ತು. ಕಣ್ಣಿನಲ್ಲಿ ಕೆಂಪು, ಹಸಿರು ಹಿಡಿಯುವ ಕೋಶಗಳ ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು ಥರ. ವಯಸ್ಸಾದಂತೆ ಕಣ್ಣಿನ ಮಸೂರವೂ ಹಳದಿಯಾಗುತ್ತದೆ. ಅಂದರೆ ನನ್ನ ದಂಡ ಪೂರ್ತಿ ಮಿನುಗುವುದು ನನಗೇ. ಸಾಧನವನ್ನು ಸಾಧಕರೇ ಮಾಡಬೇಕು ಎನ್ನುವ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಾ? ರೆಡಿಮೇಡ್ ಸೆಟ್ ಮಾರುವವರು ಇದಕ್ಕೆ ಏನು ಹೇಳುತ್ತಾರೋ ನೋಡಬೇಕು.

ಇದೇ ತಲೆಯಲ್ಲಿ ಓಡುತ್ತಿರುವಾಗ ಮುಂದಿನ ಕೆಲಸವೂ ಶುರುವಾಗಿಬಿಟ್ಟಿದೆ: ತತ್ವದ ಕಾರ್ಡುಗಳು. ಸಂಘಕ್ಕೆ ಇವು ಬಂದದ್ದು 1890ರಲ್ಲಿ ಲಂಡನ್‌ನಲ್ಲಿ ಅಚ್ಚಾದ ರಾಮಪ್ರಸಾದರ ಪುಸ್ತಕದಿಂದ. ಅದಕ್ಕೆ ಆಧಾರ ಉಸಿರಿನ ವಿದ್ಯೆಯ ಸಂಸ್ಕೃತ ಗ್ರಂಥ ಶಿವಸ್ವರೋದಯ. ಪೃಥ್ವಿಗೆ ಹಳದಿ ಚೌಕ, ತೇಜಸ್ಸಿಗೆ ಕೆಂಪು ತ್ರಿಕೋನ, ವಾಯುವಿಗೆ ನೀಲಿ ವೃತ್ತ, ಅಪ್ ತತ್ವಕ್ಕೆ ಬೆಳ್ಳಿಯ ಅರ್ಧಚಂದ್ರ, ಆಕಾಶಕ್ಕೆ ಕಡು ಬಣ್ಣದ ಅಂಡ. ಐದು ಬಿಡಿ, ಒಂದರೊಳಗೆ ಒಂದು ಸೇರಿ ಇಪ್ಪತ್ತು, ಒಟ್ಟು 25. ಕಾರ್ಡನ್ನು ದಿಟ್ಟಿಸಿ, ಎದುರು ಬಣ್ಣದ ನೆರಳು ಮೂಡಿದ ಮೇಲೆ ಅದರೊಳಗೆ ಹೋಗಬೇಕು ಎಂಬುದು ಅಭ್ಯಾಸ. ಇಲ್ಲಿ ನೆರಳೇ ಮುಖ್ಯ, ಹಾಗಾಗಿ ಕಠಾರಿಯಲ್ಲಿ ಕಲಿತದ್ದು ಪೂರ್ತಿ ಉಪಯೋಗಕ್ಕೆ ಬರುತ್ತದೆ. ಆದರೆ ಬೆಳ್ಳಿಗೆ ಯಾವ ನೆರಳು? ಬೆಳ್ಳಿ ಬಣ್ಣ ಬೆಳಕಿಗೆ ತಕ್ಕಂತೆ ಬದಲಾಗುತ್ತದೆ, ನೆರಳು ನಿಲ್ಲುವುದೇ ಇಲ್ಲ. ಬೆಳ್ಳಿಯ ಬದಲು ತಣ್ಣನೆಯ ತಿಳಿ ಬೂದು ಬಳಸಿ, ಸುತ್ತ ಕಪ್ಪು ಕೊಟ್ಟು ನೋಡುವ ಯೋಚನೆ ಇದೆ.

ಅದಕ್ಕೂ ಮೊದಲು ಕಠಾರಿಯ ಇನ್ನೊಂದು ಮಗ್ಗುಲು ಬಾಕಿ. ಹಿದ್ದೆಕೆಲ್ (ಟೈಗ್ರಿಸ್ ನದಿ), ರುವಾಖ್ (ಗಾಳಿ), ಮಿಜ್ರಾಖ್ (ಪೂರ್ವ) ಎಂಬ ಹೀಬ್ರೂ ಹೆಸರುಗಳನ್ನು ಬರೆಯಬೇಕು, ಆಮೇಲೆ ಮ್ಯಾಟ್ ವಾರ್ನಿಷ್. ಅಷ್ಟರಲ್ಲಿ ಒಂದು ಸಹಾಯ ಬೇಕು. ಪಿಗ್ಮೆಂಟ್ ನಂಬರ್ ಪಿ.ವಿ. 14 ಎಂದು ಸ್ಪಷ್ಟವಾಗಿ ಬರೆದಿರುವ ಅಸಲಿ ಕೋಬಾಲ್ಟ್ ನೇರಳೆ ಯಾರ ಹತ್ತಿರವಾದರೂ ಇದ್ದರೆ, ಪಿ.ವೈ. 65 ಪಕ್ಕದಲ್ಲಿಟ್ಟು ತಿರುಗುವ ತಟ್ಟೆಯಲ್ಲಿ ಒಮ್ಮೆ ನೋಡಿ ತಿಳಿಸಿ.